ಕೊಳದ ಡಾಲ್ಫಿನ್, ಕಡಲ ಡಾಲ್ಫಿನ್

ಕಾರವಾರದ ಕಡಲಿನಲ್ಲಿ ದೋಣಿಯೇರಿ ಹೋದವರಿಗೆ ಡಾಲ್ಫಿನ್ ಕಾಣುವುದು ಎಷ್ಟು ಹೊತ್ತು? ನೀರಿನಿಂದ ಬೂದುಬಣ್ಣದ ಬೆನ್ನೊಂದು ಮೇಲೆದ್ದು, ಬಾಗಿ, ಮತ್ತೆ ಮುಳುಗುತ್ತದೆ. ಎರಡು ಮೂರು ಸೆಕೆಂಡುಗಳಲ್ಲಿ ನೋಟ ಮುಗಿಯಿತು. ಮುಂದೆ ಅದು ಎಲ್ಲಿ ತಲೆಯೆತ್ತುವುದೋ ಹೇಳಬಲ್ಲವರಿಲ್ಲ. ಅದರ ಬಾಳಿನ ಉಳಿದ ಭಾಗವೆಲ್ಲ ನೀರಿನ ಕೆಳಗೆ, ನಮ್ಮ ಕಣ್ಣಿಗೆ ಮರೆಯಾಗಿ ನಡೆಯುತ್ತದೆ. ಅದೇ ಪ್ರಾಣಿಯನ್ನು ಗಾಜಿನ ಕಿಂಡಿಗಳುಳ್ಳ ದೊಡ್ಡ ತೊಟ್ಟಿಯಲ್ಲಿ ಇಟ್ಟರೆ ಹಗಲೆಲ್ಲ ನಿಂತು, ಮೂತಿಯಿಂದ ಬಾಲದವರೆಗೆ ನೋಡಬಹುದು. ಹಾಗಾದರೆ ಡಾಲ್ಫಿನ್ನನ್ನು ಅರಿಯುವುದಕ್ಕೆ ತೊಟ್ಟಿಯೇ ಮೇಲಲ್ಲವೆ? ಪ್ರಾಣಿಶಾಸ್ತ್ರಜ್ಞರು ಬಹುಕಾಲ ಹಾಗೆಯೇ ಎಣಿಸಿದ್ದರು. ಆ ಎಣಿಕೆ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಹೆಸರುಗಳ ವಿಚಾರವನ್ನು ಮುಗಿಸಿಬಿಡೋಣ. ಡಾಲ್ಫಿನ್ನೂ ಅದರ ಬಂಧುವಾದ ಪಾರ್ಪಸ್ಸೂ ತಿಮಿಂಗಿಲಗಳ ಗುಂಪಿಗೆ ಸೇರಿದ ಸಸ್ತನಿಗಳು. ಬಿಸಿರಕ್ತದವು, ಶ್ವಾಸಕೋಶಗಳಿಂದ ಉಸಿರಾಡುವವು, ಮರಿಹಾಕಿ ಹಾಲೂಡಿಸುವವು. ಡಾಲ್ಫಿನ್ನಿಗೆ ಸಾಮಾನ್ಯವಾಗಿ ಕೊಕ್ಕಿನಂತೆ ಮುಂಚಾಚಿದ ಮೂತಿ, ಶಂಕುವಿನ ಆಕಾರದ ಹಲ್ಲು. ಪಾರ್ಪಸ್ಸಿನ ದೇಹ ಚಿಕ್ಕದು, ತಲೆ ಮೊಂಡು, ಹಲ್ಲು ಪುಟ್ಟ ಸಲಿಕೆಯಂತೆ ಚಪ್ಪಟೆ. ಆ ಇಂಗ್ಲಿಷ್ ಶಬ್ದದ ಮೂಲದಲ್ಲಿ ಇರುವುದು ಲ್ಯಾಟಿನ್ ಭಾಷೆಯ ಹಂದಿ ಮತ್ತು ಮೀನು. ಕನ್ನಡದಲ್ಲಿಯೂ ಅದನ್ನು ಕಡಲಹಂದಿ ಎನ್ನುವುದುಂಟು. ನಾವೂ ಹಾಗೆಯೇ ಕರೆಯುತ್ತೇವೆ. 1960ರ ಸುಮಾರಿನ ಅಮೆರಿಕದ ಪುಸ್ತಕಗಳಲ್ಲಿ ಡಾಲ್ಫಿನ್ನನ್ನೂ ಪಾರ್ಪಸ್ ಎಂದೇ ಬರೆದಿರುವುದುಂಟಾದ್ದರಿಂದ, ಅವನ್ನು ಓದುವ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ನಮ್ಮ ಕರಾವಳಿಯಲ್ಲಿ ಎರಡೂ ಉಂಟು. ಕಾರವಾರದ ದೋಣಿಯವರು ತೋರಿಸುವುದು ಹೆಚ್ಚಾಗಿ ಗೂನುಬೆನ್ನಿನ ಡಾಲ್ಫಿನ್. ಭಾರತದ ಏಕಮಾತ್ರ ಕಡಲಹಂದಿಯಾದರೋ ಬೆನ್ನಿನ ಮೇಲೆ ಈಜುರೆಕ್ಕೆಯೇ ಇಲ್ಲದ ಜಾತಿ; ಅದು ನೆಗೆಯುವುದೂ ವಿರಳ, ಅಲೆಗಳ ನಡುವೆ ಅದನ್ನು ಗುರುತಿಸುವುದೂ ಕಷ್ಟ. ಇದರಿಂದಾಗಿ ಅದು ಪಕ್ಕದಲ್ಲೇ ಹಾದುಹೋದರೂ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ.

ಡಾಲ್ಫಿನ್ನನ್ನು ಹತ್ತಿರದಿಂದ ನೋಡುವ ಕಾಲ ನಿಜವಾಗಿ ಆರಂಭವಾದದ್ದು 1938ರಲ್ಲಿ, ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ. ಸೇಂಟ್ ಅಗಸ್ಟೀನ್ ಎಂಬ ಊರಿನ ಬಳಿ ಮೆರೀನ್ ಸ್ಟುಡಿಯೋಸ್ ಎಂಬ ಸಂಸ್ಥೆಯವರು ನೀರಿನೊಳಗಿನ ಚಲನಚಿತ್ರಗಳನ್ನು ತೆಗೆಯುವ ಉದ್ದೇಶದಿಂದ ಭಾರಿ ತೊಟ್ಟಿಗಳನ್ನು ಕಟ್ಟಿ, ಅವುಗಳ ಗೋಡೆಗಳಲ್ಲಿ ಕಿಂಡಿಗಳನ್ನು ಇರಿಸಿದರು. ಬಂದ ಜನ ಮುಗಿಬಿದ್ದು ನೋಡಿದ್ದು ಡಾಲ್ಫಿನ್ನುಗಳನ್ನು. 1947ರಲ್ಲಿ ಅಲ್ಲಿ ಒಂದು ಮರಿ ಹುಟ್ಟಿತು. ಬಾಲ ಮೊದಲಾಗಿ ಹೊರಬಂದ ಮರಿಯು ಮೊದಲ ಉಸಿರಿಗಾಗಿ ನೀರಿನ ಮೇಲಕ್ಕೆ ಏರಿದ್ದನ್ನು, ತಾಯಿ ಬಿಡದೆ ಅದರ ಪಕ್ಕದಲ್ಲೇ ಈಜಿದ್ದನ್ನು ಗಾಜಿನ ಹಿಂದೆ ನಿಂತವರು ಕಂಡರು. ನೀರಿನ ಮೇಲೆ ದೋಣಿಯಲ್ಲಿ ಕುಳಿತವನು ನೂರು ವರ್ಷ ಕಾದರೂ ಇಷ್ಟನ್ನು ಕಾಣುವುದು ಸಂದೇಹ.

ಆ ಸಂಸ್ಥೆಯ ಮೊದಲ ಮೇಲ್ವಿಚಾರಕ ಆರ್ಥರ್ ಮ್ಯಾಕ್‌ಬ್ರೈಡ್. ತೊಟ್ಟಿಗೆ ಬೇಕಾದ ಪ್ರಾಣಿಗಳನ್ನು ಹಿಡಿಯಲು ಆತ ರಾತ್ರಿಯ ಹೊತ್ತು, ಕದಡಿದ ನೀರಿನಲ್ಲಿ ಬಲೆ ಬೀಸಿಸುತ್ತಿದ್ದ. ಕಣ್ಣಿಗೆ ಏನೂ ಕಾಣದಂತಹ ಆ ನೀರಿನಲ್ಲಿಯೂ ಡಾಲ್ಫಿನ್ನುಗಳು ಸಣ್ಣ ಕಣ್ಣಿನ ಬಲೆಯನ್ನು ದೂರದಿಂದಲೇ ಅರಿತು ತಪ್ಪಿಸಿಕೊಳ್ಳುತ್ತಿದ್ದವು. ಬಾವಲಿಗಳಂತೆ ಇವೂ ಪ್ರತಿಧ್ವನಿಯನ್ನು ಕೇಳಿ ದಾರಿ ಕಾಣುತ್ತಿರಬಹುದೆ ಎಂದು ಆತ 1947ರಲ್ಲಿ ತನ್ನ ಟಿಪ್ಪಣಿಯಲ್ಲಿ ಊಹಿಸಿದ. ಆ ಟಿಪ್ಪಣಿ ಅಚ್ಚಾದದ್ದು ಆತ ಸತ್ತ ಮೇಲೆ, 1956ರಲ್ಲಿ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಊಹೆ ಹುಟ್ಟಿದ್ದು ಕಡಲಿನ ಡಾಲ್ಫಿನ್ನುಗಳನ್ನು ನೋಡಿ. ಅದು ಸಿದ್ಧವಾದದ್ದು ಮಾತ್ರ ತೊಟ್ಟಿಯಲ್ಲಿ. ಕೆನ್ನೆತ್ ನಾರಿಸ್ ಎಂಬ ವಿಜ್ಞಾನಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಡಾಲ್ಫಿನ್ನಿನ ಕಣ್ಣುಗಳಿಗೆ ರಬ್ಬರಿನ ಬಟ್ಟಲುಗಳನ್ನು ಅಂಟಿಸಿ, ತೊಟ್ಟಿಯಲ್ಲಿ ಕೊಳವೆಗಳನ್ನು ತೂಗಬಿಟ್ಟು, ಅವುಗಳ ನಡುವೆ ಅದನ್ನು ಈಜಿಸಿದ. ಕಣ್ಣು ಮುಚ್ಚಿದ ಆ ಪ್ರಾಣಿ ಟಕಟಕನೆ ಕಿರುಸದ್ದುಗಳನ್ನು ಹೊರಡಿಸುತ್ತ, ಕೊಳವೆಗಳಿಗೆ ತಾಗದೆ ನುಸುಳಿ ಹೋಯಿತು. 1961ರಲ್ಲಿ ಈ ಪ್ರಯೋಗದ ವರದಿ ಪ್ರಕಟವಾಯಿತು.

ಈ ಕೌಶಲದ ಸೂಕ್ಷ್ಮತೆಯನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗುತ್ತದೆ. ಗಾಳಿಯಲ್ಲಿ ಸಾಗುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. 15 ಮೀಟರ್ ದೂರದ ಮೀನಿನಿಂದ ಪ್ರತಿಧ್ವನಿ ಹಿಂದಿರುಗಲು ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು. ಆ ಪ್ರತಿಧ್ವನಿ ಡಾಲ್ಫಿನ್ನಿನ ಒಳಗಿವಿಯನ್ನು ಮುಟ್ಟುವುದು ನಮ್ಮಲ್ಲಿರುವಂತೆ ಕಿವಿಯ ರಂಧ್ರದಿಂದಲ್ಲ, ಕೆಳದವಡೆಯಲ್ಲಿ ತುಂಬಿರುವ ಕೊಬ್ಬಿನ ಮೂಲಕ. ನಿದ್ರೆಯ ವಿಚಾರವೂ ಹೀಗೆಯೇ ಸೆರೆಯಲ್ಲಿದ್ದ ಪ್ರಾಣಿಗಳಿಂದ ತಿಳಿದುಬಂದದ್ದು: ಡಾಲ್ಫಿನ್ನಿನ ಮೆದುಳಿನ ಒಂದು ಅರ್ಧ ಮಲಗಿದ್ದಾಗ ಇನ್ನೊಂದು ಅರ್ಧ ಎಚ್ಚತ್ತಿರುತ್ತದೆಂಬುದನ್ನು 1970ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ಮೆದುಳಿನ ವಿದ್ಯುತ್ತನ್ನು ಅಳೆದು ತೋರಿಸಿದರು. ತಂತಿಗಳನ್ನು ಜೋಡಿಸದೆ ಇದನ್ನು ಅರಿಯುವ ಬಗೆ ಆಗ ಇರಲಿಲ್ಲ.

ನಮ್ಮ ಉಪಖಂಡದ ಒಂದು ಪ್ರಾಣಿಯ ವಿಷಯದಲ್ಲಂತೂ ತೊಟ್ಟಿಯ ಉಪಕಾರ ಬಲು ಸ್ಪಷ್ಟ. ಗಂಗಾ, ಬ್ರಹ್ಮಪುತ್ರ ಮತ್ತು ಸಿಂಧೂ ನದಿಗಳ ಡಾಲ್ಫಿನ್ನಿನ ಕಣ್ಣಿನಲ್ಲಿ ಮಸೂರವೇ ಇಲ್ಲ. ಅದು ಹೆಚ್ಚುಕಡಮೆ ಕುರುಡು. ಅದು ಬದುಕುವ ನೀರು ಮಣ್ಣು ಬೆರೆತು ಕದಡಿದ ನೀರು. ನೀರಿನ ಕೆಳಗೆ ಅದು ಹೇಗೆ ಈಜುತ್ತದೆಂಬುದನ್ನು ನದಿಯ ದಡದಲ್ಲಿ ತಲೆತಲಾಂತರದಿಂದ ಬಾಳಿದ ಬೆಸ್ತರೂ ನೋಡಿರಲು ಸಾಧ್ಯವಿರಲಿಲ್ಲ. 1968ರಲ್ಲಿ ಸಿಂಧೂ ನದಿಯಿಂದ ಕೆಲವನ್ನು ಹಿಡಿದು ಸ್ಯಾನ್ ಫ್ರಾನ್ಸಿಸ್ಕೋದ ಮತ್ಸ್ಯಾಲಯಕ್ಕೆ ಸಾಗಿಸಿದರು. ತಿಳಿನೀರಿನ ತೊಟ್ಟಿಗೆ ಬಿಟ್ಟೊಡನೆ ಅಚ್ಚರಿ ಕಾದಿತ್ತು. ಅವು ಮಗ್ಗುಲಾಗಿ, ಒಂದು ಪಕ್ಕೆಯನ್ನು ಕೆಳಗೆ ಮಾಡಿ ಈಜುತ್ತಿದ್ದವು! ತಿಮಿಂಗಿಲಗಳ ಇಡೀ ಗುಂಪಿನಲ್ಲಿ ಹೀಗೆ ಈಜುವ ಜಾತಿಯೊಂದಿದೆಯೆಂಬುದು ಅಂದಿನವರೆಗೆ ಯಾರಿಗೂ ತಿಳಿದಿರಲಿಲ್ಲ. ಆ ಪ್ರಾಣಿಗಳು ತೊಟ್ಟಿಯಲ್ಲಿ ಹೆಚ್ಚು ಕಾಲ ಬಾಳಲಿಲ್ಲ. ಈ ಅರಿವು ಅವುಗಳ ಪ್ರಾಣದ ಬೆಲೆಗೆ ಬಂದದ್ದೆಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ.

ಇಷ್ಟಾದರೂ ತೊಟ್ಟಿಯಲ್ಲಿ ಅಳೆದದ್ದೆಲ್ಲವೂ ನಿಜವಾದ ಅಳತೆಯೆ? ಇದಕ್ಕೆ ಉತ್ತರ ಹವಾಯಿ ದ್ವೀಪದ ಕನೆಓಹೆ ಕೊಲ್ಲಿಯಿಂದ ಬಂದಿತು. ಡಾಲ್ಫಿನ್ನಿನ ಕಿರುಸದ್ದುಗಳನ್ನು ಅದುವರೆಗೆ ಅಳೆದದ್ದು ಕಾಂಕ್ರೀಟಿನ ತೊಟ್ಟಿಗಳಲ್ಲಿ. ಆ ಅಳತೆಯಂತೆ ಅವುಗಳ ಕಂಪನಸಂಖ್ಯೆ ಬಹುಮಟ್ಟಿಗೆ ಸೆಕೆಂಡಿಗೆ 30,000ದಿಂದ 60,000ದ ಒಳಗೆ. ಮನುಷ್ಯನ ಕಿವಿಗೆ 20,000ಕ್ಕೆ ಮೇಲ್ಪಟ್ಟದ್ದು ಕೇಳದು. 1970ರ ದಶಕದ ಆದಿಯಲ್ಲಿ ವಿಟ್ಲೋ ಆವ್ ಮತ್ತು ಅವನ ಸಂಗಡಿಗರು ಅಮೆರಿಕದ ನೌಕಾಪಡೆಯ ಪಳಗಿದ ಡಾಲ್ಫಿನ್ನುಗಳನ್ನು ತೆರೆದ ಕೊಲ್ಲಿಯಲ್ಲಿಟ್ಟು, ದೂರದ ಗುರಿಗಳನ್ನು ಕಂಡುಹಿಡಿಯುವ ಕೆಲಸ ಕೊಟ್ಟರು. ಆಗ ಅವು ಹೊರಡಿಸಿದ ಸದ್ದು 1,20,000 ಕಂಪನಗಳ ಸುಮಾರಿನದು. ಸಂಗೀತದ ಮಾತಿನಲ್ಲಿ ಒಂದು ಸ್ಥಾಯಿಗೂ ಮಿಗಿಲಾಗಿ ಮೇಲಕ್ಕೇರಿತ್ತು. ಅದರ ಬಲವಂತೂ ತೊಟ್ಟಿಯ ಸದ್ದಿನ ನೂರಾರು ಪಟ್ಟು. ಕೈಯಲ್ಲಿ ಹಿಡಿಯಬಹುದಾದಷ್ಟು ಸಣ್ಣ ಲೋಹದ ಗೋಳವನ್ನು, ಏಳೂವರೆ ಸೆಂಟಿಮೀಟರ್ ವ್ಯಾಸದ್ದು, ಅವು ನೂರು ಮೀಟರಿಗೂ ಆಚೆ ಗುರುತಿಸಬಲ್ಲವೆಂದು ಮುಂದೆ ತಿಳಿಯಿತು. ಸುತ್ತಲೂ ಗಟ್ಟಿಗೋಡೆಗಳಿರುವ ಸಣ್ಣ ಕೋಣೆಯಲ್ಲಿ ಯಾರು ತಾನೆ ಕೂಗಿ ಮಾತನಾಡುವರು? ನೋಡಬೇಕಾದದ್ದೆಲ್ಲ ಸಮೀಪದಲ್ಲೇ ಇದೆ, ಕೂಗಿದರೆ ಮಾರ್ದನಿಯೇ ಕಿವಿಗೆ ಬಡಿಯುತ್ತದೆ. ತೊಟ್ಟಿಯ ಡಾಲ್ಫಿನ್ ಪಿಸುಗುಟ್ಟುತ್ತಿತ್ತು. ಅದರ ಪಿಸುಮಾತನ್ನೇ ವಿಜ್ಞಾನಿಗಳು ಅದರ ಪೂರ್ಣಸ್ವರವೆಂದು ಬರೆದುಕೊಂಡಿದ್ದರು. ಕೊಲ್ಲಿಯಲ್ಲಿದ್ದವೂ ಮನುಷ್ಯನ ಅಧೀನದಲ್ಲಿದ್ದ ಪ್ರಾಣಿಗಳೇ ಎಂಬುದನ್ನು ಮರೆಯಬಾರದು. ಬದಲಾದದ್ದು ಅವುಗಳ ಸುತ್ತಣ ನೀರಿನ ವಿಸ್ತಾರ ಮಾತ್ರ.

ದೇಹದ ಶಕ್ತಿಯ ವಿಷಯದಲ್ಲಿಯೇ ಹೀಗಾದರೆ ಸಂಸಾರದ, ಸಮಾಜದ ವಿಷಯವನ್ನು ಹೇಳಬೇಕಾದದ್ದಿಲ್ಲ. ಐದಾರು ಪ್ರಾಣಿಗಳನ್ನು, ಅದೂ ಬೇರೆ ಬೇರೆ ಕಡೆಗಳಿಂದ ಹಿಡಿದು ತಂದವನ್ನು, ಒಂದು ತೊಟ್ಟಿಯಲ್ಲಿ ಕೂಡಿಹಾಕಿ ಡಾಲ್ಫಿನ್ನುಗಳ ಸಮಾಜವನ್ನು ಅರಿಯುವೆವೆನ್ನುವುದು, ರೈಲುಡಬ್ಬಿಯ ಪ್ರಯಾಣಿಕರನ್ನು ನೋಡಿ ಹಳ್ಳಿಯ ಜೀವನವನ್ನು ಬರೆಯಹೊರಟಂತೆ. ಈ ಕೊರತೆಯನ್ನು ತುಂಬಿದ್ದು ಕಡಲಿನಲ್ಲಿ ನಡೆದ ದೀರ್ಘಕಾಲದ ಅಧ್ಯಯನಗಳು. ಫ್ಲಾರಿಡಾದ ಸರಸೋಟ ಕೊಲ್ಲಿಯಲ್ಲಿ 1970ರಲ್ಲಿ ಆರಂಭವಾದ ಅಧ್ಯಯನ ಇಂದಿಗೂ ನಡೆದಿದೆ. ಅಲ್ಲಿ ಪ್ರತಿಯೊಂದು ಡಾಲ್ಫಿನ್ನನ್ನೂ ಅದರ ಬೆನ್ನುರೆಕ್ಕೆಯ ಅಂಚಿನ ಕಚ್ಚುಗಳಿಂದ, ಗಾಯದ ಗುರುತುಗಳಿಂದ, ಛಾಯಾಚಿತ್ರಗಳ ಸಹಾಯದಿಂದ ಬೇರೆ ಬೇರೆಯಾಗಿ ಗುರುತಿಸುತ್ತಾರೆ. ನಾವು ದೋಣಿಯಿಂದ ಕಾಣುವ ಆ ಎರಡು ಸೆಕೆಂಡುಗಳ ಬೆನ್ನೇ ಅಲ್ಲಿ ಹೆಸರು ಹಚ್ಚುವ ಸಾಧನ! ಅಜ್ಜಿಯಿಂದ ಮರಿಮಗಳ ಮಗಳವರೆಗೆ ಐದು ತಲೆಮಾರುಗಳ ಲೆಕ್ಕ ಅವರಲ್ಲಿದೆ. ಕೆಲವು ಹೆಣ್ಣುಗಳು ಅರುವತ್ತು ವರ್ಷ ದಾಟಿ ಬದುಕಿವೆ. ಮರಿಗಳು ಮೂರರಿಂದ ಆರು ವರ್ಷಗಳ ಕಾಲ ತಾಯಿಯನ್ನು ಬಿಡುವುದಿಲ್ಲ. ಆಗಾಗ ಒಂದೊಂದನ್ನು ಹಿಡಿದು, ವೈದ್ಯಪರೀಕ್ಷೆ ನಡೆಸಿ, ಅಲ್ಲಿಯೇ ಬಿಟ್ಟುಬಿಡುವ ಪದ್ಧತಿಯೂ ಉಂಟು.

ಆಸ್ಟ್ರೇಲಿಯದ ಪಶ್ಚಿಮ ತೀರದ ಶಾರ್ಕ್ ಬೇ ಎಂಬಲ್ಲಿ 1980ರ ದಶಕದಿಂದ ನಡೆದಿರುವ ಅಧ್ಯಯನ ಇನ್ನೂ ಸ್ವಾರಸ್ಯವಾದದ್ದು. 1984ರಲ್ಲಿ ಅಲ್ಲಿಯ ಡಾಲ್ಫಿನ್ ಒಂದರ ಮೂತಿಯ ಮೇಲೆ ಏನೋ ಗಂಟಿನಂತಹ ವಸ್ತು ಕಂಡಿತು. ರೋಗವೇನೋ ಎನ್ನುವಂತಿದ್ದ ಅದು ಕಡಲತಳದ ಸ್ಪಂಜು. ಸ್ಪಂಜನ್ನು ಕಿತ್ತು ಮೂತಿಗೆ ಕವಚದಂತೆ ತೊಡಿಸಿಕೊಂಡು, ತಳದ ಒರಟು ಮರಳನ್ನು ಕೆದಕಿ, ಅಡಗಿದ ಮೀನನ್ನು ಎಬ್ಬಿಸಿ ಹಿಡಿಯುವ ಉಪಾಯವದು. ಈ ವಿದ್ಯೆ ಬಹುಮಟ್ಟಿಗೆ ತಾಯಿಯಿಂದ ಮಗಳಿಗೆ ಸಾಗುತ್ತದೆ. ಕೊಲ್ಲಿಯ ಎಲ್ಲ ಡಾಲ್ಫಿನ್ನುಗಳಿಗೂ ಗೊತ್ತಿಲ್ಲ. ಅಲ್ಲಿಯ ಗಂಡುಗಳು ಎರಡು ಮೂರು ಸೇರಿ ಕೂಟ ಕಟ್ಟುತ್ತವೆ; ಆ ಕೂಟಗಳು ಇತರ ಕೂಟಗಳೊಡನೆ ಒಪ್ಪಂದ ಮಾಡಿಕೊಂಡು ಎದುರಾಳಿಗಳ ಮೇಲೆ ಬೀಳುತ್ತವೆ. ನಾಲ್ಕು ಹೊತ್ತೂ ಬಕೆಟ್ಟಿನಿಂದ ಸತ್ತ ಮೀನು ಸಿಗುವ ತೊಟ್ಟಿಯಲ್ಲಿ ಸ್ಪಂಜಿನ ಉಪಾಯಕ್ಕೆ ಕೆಲಸವೇನು?

ಎರಡು ದಾರಿಗಳೂ ಕೂಡಿ ಬಂದ ಉದಾಹರಣೆ ಸಿಳ್ಳಿನದು. ಪ್ರತಿ ಡಾಲ್ಫಿನ್ನಿಗೂ ತನ್ನದೇ ಆದ ಒಂದು ಸಿಳ್ಳು ಉಂಟೆಂದು 1965ರಲ್ಲಿ ಕಾಲ್ಡ್‌ವೆಲ್ ದಂಪತಿಗಳು ಸೆರೆಯ ಪ್ರಾಣಿಗಳಿಂದ ಕಂಡುಕೊಂಡರು. ಅದರ ಉಪಯೋಗವೇನೆಂಬುದು ತಿಳಿಯಲು ಸುಮಾರು ಐವತ್ತು ವರ್ಷ ಹಿಡಿಯಿತು. ಸ್ಕಾಟ್ಲೆಂಡಿನ ಪೂರ್ವತೀರದಲ್ಲಿ, ಸ್ವತಂತ್ರವಾಗಿರುವ ಡಾಲ್ಫಿನ್ನುಗಳಿಗೆ ಅವುಗಳದೇ ಸಿಳ್ಳಿನ ಪ್ರತಿಯನ್ನು ನೀರಿನೊಳಗೆ ಕೇಳಿಸಿದಾಗ, ಆಯಾ ಸಿಳ್ಳಿನ ಒಡೆಯ ಮಾತ್ರ ಮರಳಿ ಸಿಳ್ಳುಹಾಕಿ ಓಗೊಟ್ಟಿತು. ಅಪರಿಚಿತ ಸಿಳ್ಳಿಗೆ ಹಾಗೆ ಓಗೊಡಲಿಲ್ಲ. 2013ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದಾಗ ಹೆಸರು ಹಿಡಿದು ಕರೆಯುವುದರ ನೆನಪು ಯಾರಿಗಾದರೂ ಬಾರದಿರದು.

ತೊಟ್ಟಿಗಳನ್ನು ಕಟ್ಟಿದವರ ಮುಖ್ಯ ಗುರಿ ವಿಜ್ಞಾನವಾಗಿರಲಿಲ್ಲವೆಂಬುದೂ ನಿಜ. 1963ರ ‘ಫ್ಲಿಪ್ಪರ್’ ಚಲನಚಿತ್ರವೂ ಮರುವರ್ಷ ಆರಂಭವಾದ ಅದೇ ಹೆಸರಿನ ಟೆಲಿವಿಷನ್ ಕಥಾಮಾಲೆಯೂ ಡಾಲ್ಫಿನ್ನನ್ನು ಮನೆಮನೆಯ ಗೆಳೆಯನನ್ನಾಗಿ ಮಾಡಿದವು. ಆಟ ತೋರಿಸುವ ಕೊಳಗಳು ನಾನಾ ದೇಶಗಳಲ್ಲಿ ತಲೆಯೆತ್ತಿದವು. ಫ್ಲಿಪ್ಪರ್ ಪಾತ್ರದ ಡಾಲ್ಫಿನ್ನುಗಳನ್ನು ಪಳಗಿಸಿದ ರಿಕ್ ಓ’ಬ್ಯಾರಿ, ಅವುಗಳಲ್ಲಿ ಒಂದು 1970ರಲ್ಲಿ ಸತ್ತ ಮೇಲೆ ಆ ವೃತ್ತಿಯನ್ನು ಬಿಟ್ಟು, ಸೆರೆಯ ಡಾಲ್ಫಿನ್ನುಗಳ ಬಿಡುಗಡೆಗಾಗಿ ದುಡಿಯತೊಡಗಿದ. ನೋಡುವವರನ್ನು ಮೋಸಗೊಳಿಸುವುದು ಆ ಮುಖದ ನಗೆ. ಡಾಲ್ಫಿನ್ನಿನ ಬಾಯಿಯ ರೇಖೆ ಹುಟ್ಟಿನಿಂದಲೇ ಮೇಲಕ್ಕೆ ಬಾಗಿರುತ್ತದೆ. ಹಸಿದಾಗಲೂ, ನೊಂದಾಗಲೂ, ಸತ್ತಾಗಲೂ ಅದು ನಗುತ್ತಿರುವಂತೆಯೇ ಕಾಣುವುದು.

ಸೆರೆಯಲ್ಲಿ ಬೆಳೆದದ್ದನ್ನು ಕಡಲಿಗೆ ಬಿಟ್ಟರೆ ಎಲ್ಲವೂ ಸರಿಹೋಗುವುದೆ? ಡಾಲ್ಫಿನ್ ಕುಟುಂಬದಲ್ಲೇ ಅತ್ಯಂತ ದೊಡ್ಡದಾದ ಓರ್ಕಾ ಜಾತಿಯ ಕೇಯ್ಕೋ ಎಂಬ ಗಂಡನ್ನು 1979ರಲ್ಲಿ ಐಸ್‌ಲೆಂಡಿನ ಬಳಿ ಮರಿಯಾಗಿರುವಾಗಲೇ ಹಿಡಿದಿದ್ದರು. 1993ರ ಒಂದು ಚಲನಚಿತ್ರದಿಂದ ಅದು ಲೋಕಪ್ರಸಿದ್ಧವಾಯಿತು. ಜನರು ಹಣ ಕೂಡಿಸಿ ಅದನ್ನು ಮತ್ತೆ ಐಸ್‌ಲೆಂಡಿಗೆ ಒಯ್ದರು. 2002ರಲ್ಲಿ ಅದು ಕಡಲಿಗಿಳಿದು ನಾರ್ವೆಯವರೆಗೆ ಈಜಿತು. ಆದರೆ ಅಲ್ಲಿ ಅದು ಹುಡುಕಿಕೊಂಡು ಬಂದದ್ದು ಮನುಷ್ಯರ ಸಹವಾಸವನ್ನು. ಯಾವ ಓರ್ಕಾ ಗುಂಪನ್ನೂ ಅದು ಸೇರಿಕೊಳ್ಳಲಿಲ್ಲ. 2003ರ ಡಿಸೆಂಬರಿನಲ್ಲಿ ಸತ್ತಿತು.

ನಮ್ಮ ದೇಶದ ಅನುಭವ ಚಿಕ್ಕದು. 1990ರ ದಶಕದ ಕೊನೆಯಲ್ಲಿ ಬಲ್ಗೇರಿಯದಿಂದ ಚೆನ್ನೈ ಸಮೀಪಕ್ಕೆ ತಂದ ಡಾಲ್ಫಿನ್ನುಗಳು ಕೆಲವೇ ತಿಂಗಳುಗಳಲ್ಲಿ ಸತ್ತುಹೋದವು. ಮುಂದೆ ಕೆಲವು ನಗರಗಳಲ್ಲಿ ಇಂತಹ ಕೊಳಗಳನ್ನು ತೆರೆಯುವ ಯೋಜನೆಗಳು ಬಂದಾಗ, 2013ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಆಟಕ್ಕಾಗಿ ಡಾಲ್ಫಿನ್ನುಗಳನ್ನು ಸೆರೆಯಲ್ಲಿಡಲು ಅನುಮತಿ ಕೊಡಕೂಡದೆಂದು ರಾಜ್ಯಗಳಿಗೆ ತಿಳಿಸಿತು. ಈ ಪ್ರಾಣಿಗಳ ಬುದ್ಧಿಶಕ್ತಿಯನ್ನು ನೋಡಿದರೆ ಇವನ್ನು ಮನುಷ್ಯರಲ್ಲದ ‘ವ್ಯಕ್ತಿ’ಗಳೆಂದೇ ಎಣಿಸಬೇಕೆಂಬ ವಿಜ್ಞಾನಿಗಳ ಅಭಿಪ್ರಾಯವನ್ನು ಆ ಸುತ್ತೋಲೆಯಲ್ಲಿ ಕಾಣಿಸಿದ್ದರು. ಆ ಬುದ್ಧಿಶಕ್ತಿಯ ಸಾಕ್ಷ್ಯದಲ್ಲಿ ಬಹುಪಾಲು ದೊರೆತದ್ದು ಸೆರೆಯ ಡಾಲ್ಫಿನ್ನುಗಳಿಂದಲೇ ಎಂಬುದು ಇಲ್ಲಿಯ ವಿಚಿತ್ರ.

ಕಡಲಹಂದಿಗಳ ಕಥೆ ಇದಕ್ಕಿಂತ ಕಠಿಣವಾದದ್ದು. ಅಲ್ಲಿ ಪ್ರಶ್ನೆ ಒಂದು ಪ್ರಾಣಿಯದಲ್ಲ, ಇಡೀ ಜಾತಿಯದು. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ವಕೀಟ ಎಂಬ ಪುಟ್ಟ ಕಡಲಹಂದಿಯುಂಟು, ಬೇರೆಲ್ಲಿಯೂ ಇಲ್ಲ. ಟೊಟುವಾಬ ಎಂಬ ಮೀನಿಗಾಗಿ ಕಳ್ಳತನದಿಂದ ಹಾಸಿದ ಬಲೆಗಳಲ್ಲಿ ಸಿಕ್ಕಿ, ಉಸಿರುಕಟ್ಟಿ ಸತ್ತು, 2017ರ ವೇಳೆಗೆ ಸುಮಾರು 30 ಉಳಿದಿದ್ದವು. ಕೆಲವನ್ನಾದರೂ ಹಿಡಿದು ಕಾಪಾಡೋಣವೆಂದು ಆ ವರ್ಷ ವಿಜ್ಞಾನಿಗಳು ಹೊರಟರು. ವಕೀಟಗಳನ್ನು ಹುಡುಕಿಕೊಡಲು ಅಮೆರಿಕದ ನೌಕಾಪಡೆಯ ಪಳಗಿದ ಡಾಲ್ಫಿನ್ನುಗಳನ್ನೇ ಕರೆತಂದಿದ್ದರು. ಮೊದಲು ಸಿಕ್ಕಿದ ಎಳೆಯ ಪ್ರಾಣಿ ಬಹಳವಾಗಿ ಬೆದರಿದ್ದರಿಂದ ಅದನ್ನು ಕಡಲಿಗೆ ಮರಳಿ ಬಿಟ್ಟರು. ನವೆಂಬರ್ 4ರಂದು ಸಿಕ್ಕಿದ ಪ್ರಾಯದ ಹೆಣ್ಣು ಸೆರೆಯನ್ನು ತಾಳಲಾರದೆ ಸತ್ತಿತು. ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿದರು. ಇಂದು ಆ ಜಾತಿಯಲ್ಲಿ ಉಳಿದಿರುವುದು ಹತ್ತರ ಆಸುಪಾಸು.

ಚೀನಾದ ಯಾಂಗ್‌ಟ್ಸಿ ನದಿಯಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿಯ ಬೈಜಿ ಎಂಬ ನದಿ ಡಾಲ್ಫಿನ್ನನ್ನು ಉಳಿಸಿಕೊಳ್ಳಲಾಗಲಿಲ್ಲ. 1980ರಲ್ಲಿ ಗಾಯಗೊಂಡು ಸಿಕ್ಕಿದ ಚಿಚಿ ಎಂಬ ಗಂಡು ವುಹಾನ್ ನಗರದ ತೊಟ್ಟಿಯಲ್ಲಿ 2002ರವರೆಗೆ, ಬಹುಪಾಲು ಒಂಟಿಯಾಗಿಯೇ, ಬಾಳಿ ಸತ್ತಿತು. 2006ರಲ್ಲಿ ನದಿಯನ್ನೆಲ್ಲ ಜಾಲಾಡಿದರೂ ಒಂದು ಬೈಜಿಯೂ ಕಾಣಲಿಲ್ಲ. ಅದೇ ನದಿಯ ಬೆನ್ನುರೆಕ್ಕೆಯಿಲ್ಲದ ಕಡಲಹಂದಿಯ ವಿಷಯದಲ್ಲಿ ಮಾತ್ರ ಬೇರೊಂದು ಉಪಾಯ ಫಲಿಸಿತು. ನದಿ ತನ್ನ ಹರಿವನ್ನು ಬದಲಿಸಿದಾಗ ಉಳಿದ ಹಳೆಯ ತಿರುವೊಂದು ಸರೋವರದಂತಾಗಿದೆ. ಉದ್ದ ಸುಮಾರು 20 ಕಿಲೋಮೀಟರ್. ಟಿಯಾನೆಝೌ ಎಂಬ ಆ ನೀರಿಗೆ 1990ರಿಂದ ಕೆಲವು ಕಡಲಹಂದಿಗಳನ್ನು ತಂದುಬಿಟ್ಟರು. ಅದು ಪೂರ್ಣ ಸ್ವಾತಂತ್ರ್ಯವೂ ಅಲ್ಲ, ತೊಟ್ಟಿಯೂ ಅಲ್ಲ. ಅವು ತಮ್ಮ ಮೀನನ್ನು ತಾವೇ ಹಿಡಿದವು, ಮರಿಹಾಕಿದವು, ಹೆಚ್ಚಿದವು. 2021ರಿಂದ ಯಾಂಗ್‌ಟ್ಸಿಯಲ್ಲಿ ಹತ್ತು ವರ್ಷಗಳ ಕಾಲ ಮೀನುಗಾರಿಕೆಯನ್ನು ನಿಷೇಧಿಸಿದ್ದರಿಂದಲೂ ಉಪಕಾರವಾಗಿರಬೇಕು. 2017ರಲ್ಲಿ 1,012 ಇದ್ದ ಈ ಕಡಲಹಂದಿಗಳ ಸಂಖ್ಯೆ 2022ರ ಎಣಿಕೆಯಲ್ಲಿ 1,249 ಆಯಿತು.

ಕಡಲಿಗೇ ಹೋಗಿ ನೋಡುವುದು ನಿರಪಾಯವೆಂದೂ ಭಾವಿಸಬೇಕಾಗಿಲ್ಲ. ಶಾರ್ಕ್ ಬೇಯಲ್ಲಿ ಪ್ರವಾಸಿಗರನ್ನು ಒಯ್ಯುವ ದೋಣಿ ಒಂದಿದ್ದದ್ದು ಎರಡಾದಾಗ, ಆ ಭಾಗದ ಡಾಲ್ಫಿನ್ನುಗಳ ಸಂಖ್ಯೆ ಏಳರಲ್ಲಿ ಒಂದರಷ್ಟು ಇಳಿದದ್ದನ್ನು 2006ರ ವರದಿಯೊಂದು ತೋರಿಸಿತು. ಅಲ್ಲಿಯ ಸರ್ಕಾರ ಒಂದು ಪರವಾನಗಿಯನ್ನು ಹಿಂತೆಗೆದುಕೊಂಡಿತು. ಕಾರವಾರ, ಗೋಕರ್ಣಗಳ ಕಡೆ ಡಾಲ್ಫಿನ್ ನೋಡಹೋಗುವ ವಿದ್ಯಾರ್ಥಿಗಳು ಅವುಗಳ ಹಿಂದೆ ದೋಣಿಯನ್ನು ಅಟ್ಟಿಸಲು ಒತ್ತಾಯಿಸಬಾರದು. ಯಂತ್ರವನ್ನು ನಿಲ್ಲಿಸಿ ಸುಮ್ಮನೆ ಕಾದರೆ ಅವೇ ಸಮೀಪಕ್ಕೆ ಬರುವುದೂ ಉಂಟು. ಕೈಯಲ್ಲಿ ಕ್ಯಾಮರಾ ಇದ್ದರೆ ಬೆನ್ನುರೆಕ್ಕೆಯ ಅಂಚನ್ನೇ ಗುರಿಯಿಟ್ಟು ಚಿತ್ರ ತೆಗೆಯಬಹುದು. ಮುಂದಿನ ವರ್ಷ ಅದೇ ಕಚ್ಚು ಕಂಡರೆ ಹಳೆಯ ಪರಿಚಯ ದೊರೆತಂತಾಯಿತು.

ಗಂಗಾ ಡಾಲ್ಫಿನ್ನಿಗೆ ಬೆನ್ನುರೆಕ್ಕೆಯ ಸ್ಥಾನದಲ್ಲಿ ಇರುವುದು ಒಂದು ಸಣ್ಣ ಉಬ್ಬು ಮಾತ್ರ. ಹಾಗಾಗಿ ಗುರುತಿನ ಈ ವಿಧಾನ ಅಲ್ಲಿ ಅಷ್ಟಾಗಿ ನಡೆಯದು. ಭಾರತದ ರಾಷ್ಟ್ರೀಯ ಜಲಚರವಾದ ಅದನ್ನೂ, ಪಂಜಾಬಿನಲ್ಲಿ ಉಳಿದಿರುವ ಸಿಂಧೂ ಡಾಲ್ಫಿನ್ನುಗಳನ್ನೂ ಎಣಿಸಲು ಎಂಟು ರಾಜ್ಯಗಳ ನದಿಗಳಲ್ಲಿ ಸಾವಿರಾರು ಕಿಲೋಮೀಟರುಗಳಷ್ಟು ದೋಣಿಯಲ್ಲಿ ಸಾಗಬೇಕಾಯಿತು. 2025ರ ಮಾರ್ಚಿಯಲ್ಲಿ ಪ್ರಕಟವಾದ ಒಟ್ಟು ಸಂಖ್ಯೆ 6,327. ಅದರಲ್ಲಿ ಸಿಂಧೂ ಡಾಲ್ಫಿನ್ನುಗಳು ಮೂರೇ ಮೂರು. ಒಂದೊಂದೂ ವರ್ಷವಿಡೀ ಎಲ್ಲಿ ಸಂಚರಿಸುತ್ತದೆಂಬುದನ್ನು ತಿಳಿಯಲು 2024ರ ಡಿಸೆಂಬರಿನಲ್ಲಿ ಅಸ್ಸಾಮಿನಲ್ಲಿ ಒಂದು ಗಂಡನ್ನು ಹಿಡಿದು, ಅದರ ಆರೋಗ್ಯವನ್ನು ಪರೀಕ್ಷಿಸಿ, ಉಪಗ್ರಹದೊಡನೆ ಸಂಪರ್ಕವಿರುವ ಹಗುರವಾದ ಯಂತ್ರವೊಂದನ್ನು ತೊಡಿಸಿ ನದಿಗೆ ಮರಳಿ ಬಿಟ್ಟರು. ಈ ಜಾತಿಯ ಮೇಲೆ ಇಂತಹ ಪ್ರಯತ್ನ ನಡೆದದ್ದು ಅದೇ ಮೊದಲು. ಡಾಲ್ಫಿನ್ ಉಸಿರಿಗಾಗಿ ಮೇಲೆ ಬರುವ ಕೆಲವೇ ಸೆಕೆಂಡುಗಳಲ್ಲಿ ತನ್ನ ಸಂಕೇತವನ್ನು ಕಳುಹಿಸಿ ಮುಗಿಸುವಂತೆ ಆ ಯಂತ್ರವನ್ನು ರಚಿಸಿದ್ದಾರೆ.